ನಾಡಿ ಪುಸ್ತಕದ ಐವತ್ತೆಂಟು

ಐವತ್ತೆಂಟು, ಐವತ್ತೆಂಟು, ಐವತ್ತೇಳು, ಐವತ್ತೆಂಟು, ಮತ್ತೆ ಮೂರು ದಿನ ಐವತ್ತೆಂಟು. ಹುಡುಗಿ ತಂದುಕೊಟ್ಟ ನೋಟ್‌ಬುಕ್ಕಿನಲ್ಲಿ ಒಂದು ವಾರದ ನಾಡಿ ಹೀಗೆ ಸಾಲಾಗಿ ಕೂತಿತ್ತು. ಎದುರಿನ ಷರಾ ಕಲಂನಲ್ಲಿ ಏಳು ದಿನವೂ ಒಂದೇ ಮಾತು: ‘ಚೆನ್ನಾಗಿದೆ’. ನಾನು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತು. ಹಾಜರಿ ಪುಸ್ತಕಗಳನ್ನು ನೋಡಿ ಪಳಗಿದವನು ನಾನು. ಒಂದು ವಾರದ ಕಲಂ ಒಂದೇ ಸಲ ಕೂತು ತುಂಬಿದರೆ ಅಕ್ಷರಗಳು ಮದುವೆ ಪಂಕ್ತಿಯಲ್ಲಿ ಕೂತವರಂತೆ ನೆಟ್ಟಗೆ ಕೂತಿರುತ್ತವೆ. ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ನಿದ್ದೆಗಣ್ಣಲ್ಲಿ ಬರೆದರೆ ಹೀಗೆ ಬರುವುದಿಲ್ಲ.

ನಾನು ದಂಡಿನಶಿವರದ ಹತ್ತಿರದ ಒಂದು ಪ್ರೌಢಶಾಲೆಯ ಡ್ರಿಲ್ ಮೇಷ್ಟ್ರು. ಈ ಕೆಲಸ ಮನುಷ್ಯನಿಗೆ ಕಲಿಸುವ ಮೊದಲ ವಿದ್ಯೆ ಅನುಮಾನ. ಡ್ರಿಲ್ ಪೀರಿಯಡ್ ಬಂದರೆ ಹೊಟ್ಟೆನೋವು, ಓಟ ಎಂದರೆ ಕಾಲು ಉಳುಕು. ಇಲ್ಲದ ನೋವನ್ನು ಮುಖ ನೋಡಿಯೇ ಹಿಡಿಯುತ್ತೇನೆಂದು ನನಗೆ ಒಳಗೊಳಗೇ ಜಂಭವೂ ಇತ್ತು. ಈ ಹುಡುಗಿಯದು ಮಾತ್ರ ತಿರುಗಾಮುರುಗಾ. ಇರುವ ನೋವನ್ನು ಇಲ್ಲ ಎನ್ನುವವಳು. ಅಂಥವರನ್ನು ಹಿಡಿಯುವ ಅಭ್ಯಾಸ ನನಗಿರಲಿಲ್ಲ.

ಹತ್ತನೇ ತರಗತಿಯ ಹುಡುಗಿ. ತೋಟದ ಮನೆಯಿಂದ ಶಾಲೆಗೆ ಆರು ಕಿಲೋಮೀಟರ್. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಬಸ್ಸಿಗಿಂತ ಮೊದಲು ಬಂದು ಗೇಟಿನ ಬಳಿ ನಿಂತಿರುತ್ತಿದ್ದಳು. ಯಾವುದೋ ಅಡ್ಡದಾರಿ ಹಿಡಿಯುತ್ತಾಳೆಂದು ಒಂದು ದಿನ ಸ್ಕೂಟರಿನಲ್ಲಿ ಹಿಂದೆ ಹೋಗಿ ನೋಡಿದೆ. ಅಡ್ಡದಾರಿ ಇರಲಿಲ್ಲ. ಆಮೇಲೆ ಪರಿಚಯದವರೊಬ್ಬರ ಹಳೆಯ ರೇಸ್ ಸೈಕಲ್ಲನ್ನು ಬೇಡಿ ತಂದು, ಸೀಟು ಇಳಿಸಿ, ಹ್ಯಾಂಡಲ್ ಹತ್ತಿರ ಮಾಡಿ ಅವಳಿಗೆ ಕೊಟ್ಟೆ. ಎರಡು ವರ್ಷ ತುರುವೇಕೆರೆ ರಸ್ತೆಯಲ್ಲಿ ಬೆಳಗಿನ ತರಬೇತಿ. ಆ ವರ್ಷ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ಇತ್ತು, ಹತ್ತು ಕಿಲೋಮೀಟರ್ ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡಿಸಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಹೋದರೆ ಇದೇ ಸಲ, ಇಲ್ಲದಿದ್ದರೆ ಇಲ್ಲ.

ಇಂಥ ಹೊತ್ತಿನಲ್ಲೇ ಶ್ರಾವಣದ ಸೋನೆ ಹಿಡಿದು ಅವಳಿಗೆ ನೆಗಡಿಯಾಯಿತು. ಮೂರನೆಯ ದಿನಕ್ಕೆ ಜ್ವರ, ಐದನೆಯ ದಿನಕ್ಕೆ ನೆಗಡಿ ಎದೆಗೆ ಇಳಿಯಿತು. ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಎದೆ, ಬೆನ್ನು ಕೇಳಿ, ಇಸಿಜಿ ಮಾಡಿಸಿ, ಹೃದಯಕ್ಕೆ ಏನೂ ಆಗಿಲ್ಲವೆಂದರು. ನನ್ನನ್ನು ಹೊರಗೆ ಕರೆದು ಹೇಳಿದರು:

“ಗಂಟಲಿಂದ ಮೇಲಿದ್ರೆ ನೀವೇ ನೋಡ್ಕೊಳ್ಳಿ ಮೇಷ್ಟ್ರೇ. ಕೆಳಗೆ ಇಳಿದ ಮೇಲೆ ನಾನು ಹೇಳಿದ ಹಾಗೆ ಕೇಳ್ಬೇಕು. ಜ್ವರ ಬಿಟ್ಟ ದಿನದಿಂದ ಲೆಕ್ಕ ಹಾಕ್ಬೇಡಿ, ಕೆಮ್ಮು ನಿಂತ ದಿನದಿಂದ ಹಾಕಿ. ಅಲ್ಲಿಂದ ಹತ್ತು ದಿನ ಸೈಕಲ್ ಮುಟ್ಟಬಾರದು. ಆಮೇಲೆ ಎರಡು ವಾರ ಹಗುರವಾಗಿ. ರೇಸಿನ ಮಾತು ಅದಾದ ಮೇಲೆ.”

ಹತ್ತು ದಿನ, ಹದಿನಾಲ್ಕು ದಿನ, ಒಟ್ಟು ಇಪ್ಪತ್ತನಾಲ್ಕು. ಜ್ವರ ಬಿಟ್ಟ ದಿನ ಆಯ್ಕೆಗೆ ನಲವತ್ತೈದು ದಿನ ಉಳಿದಿತ್ತು. ಕೆಮ್ಮು ಇನ್ನೊಂದು ಹತ್ತು ದಿನ ಎಳೆದರೂ ಚಿಂತೆಯಿಲ್ಲ ಎಂದುಕೊಂಡೆ.

ಅವತ್ತೇ ಸಂಜೆ ಅವರ ಮನೆಗೆ ಹೋದೆ. ಹುಡುಗಿ ನಡುಮನೆಯಲ್ಲಿ ಬರೀ ಚಾಪೆಯ ಮೇಲೆ ಮಲಗಿದ್ದಳು, ಬಾಗಿಲಿಂದ ನೇರ ಗಾಳಿ ಹೊಡೆಯುತ್ತಿತ್ತು. ಅಲ್ಲಿ ಮಲಗಿಸಬೇಡಿ, ಬೆಚ್ಚಗಿರುವ ಕಡೆ ಮಲಗಿಸಿ ಎಂದು ಅವಳ ತಾಯಿಗೆ ಹೇಳಿ, ಕಾಫಿ ಕುಡಿದು, ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟು ಬಂದೆ. ತಾರೀಕು, ನಾಡಿ, ನಿದ್ದೆ ಎಷ್ಟು ಗಂಟೆ, ಷರಾ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಏಳುವ ಮೊದಲು, ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಸೋಮಾರಿತನ ನಡೆಯುವುದಿಲ್ಲ. ಹುಷಾರಾಗಿದ್ದಾಗ ಅವಳದು ಐವತ್ತಾರರಿಂದ ಅರವತ್ತರ ನಡುವೆ ಆಡುತ್ತಿತ್ತು.

“ಅರವತ್ತೆರಡು ದಾಟಿದ ದಿನ ಸೈಕಲ್ ಇಲ್ಲ. ದಾಟ್ತಾನೇ ಇದ್ರೆ ಆಯ್ಕೆಗೂ ಕಳಿಸಲ್ಲ ಕಣಮ್ಮ,” ಎಂದು ಹೆದರಿಸಿಯೂ ಬಂದೆ. ಮಕ್ಕಳಿಗೆ ಸ್ವಲ್ಪ ಹೆದರಿಕೆ ಇರಬೇಕು ಎನ್ನುವ ಕಾಲದವನು ನಾನು.

ಎಂಟನೆಯ ದಿನಕ್ಕೆ ಹುಡುಗಿ ಶಾಲೆಗೆ ಬಂದು ಕೆಮ್ಮು ಹೋಯಿತು ಎಂದಳು. ಹಗಲು ಕಿವಿಗೊಟ್ಟು ಕೇಳಿದೆ, ಕೆಮ್ಮಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದೆ ನಿಂತೆ, ಕೆಮ್ಮಲಿಲ್ಲ. ಸರಿ, ಹತ್ತು ದಿನ ಎಣಿಸಿದೆ. ಆಗ ಬಂತು ನಾನು ಮೊದಲು ಹೇಳಿದ ಆ ಐವತ್ತೆಂಟರ ಪುಟ. ಮನುಷ್ಯನ ನಾಡಿ ಹಾಗೆ ಕೂತಲ್ಲೇ ಕೂರುವುದಿಲ್ಲ. ಜ್ವರದಿಂದ ಎದ್ದವಳದು ಇನ್ನೂ ಕುಣಿಯಬೇಕು.

“ಇದನ್ನ ದಿನಾ ಬರಿತಿದ್ದೀಯೇನಮ್ಮ?” ಎಂದು ಕೇಳಿದೆ.

“ದಿನಾ ಬರಿತೀನಿ ಸಾ. ನಾನ್ಯಾಕೆ ಸುಳ್ಳು ಬರೀಲಿ?”

ಸುಳ್ಳು ಎಂದು ನಾನು ಹೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೂ ನಾನು ಪುಟದ ಕೆಳಗೆ ಸಹಿ ಹಾಕಿದೆ. ಯಾಕೆ ಹಾಕಿದೆ ಎಂದು ಇವತ್ತು ಕೇಳಿದರೆ ಉತ್ತರ ಒಂದೇ: ಆ ಸಂಖ್ಯೆ ನನಗೂ ಬೇಕಾಗಿತ್ತು.

ಇಪ್ಪತ್ತಾರು ದಿನ ಉಳಿದಿದ್ದಾಗ ತರಬೇತಿ ಮತ್ತೆ ಶುರುವಾಯಿತು. ಮೊದಲ ದಿನ ಕೆರೆ ಏರಿಯ ಮೇಲೆ ಹದಿನೈದು ನಿಮಿಷ, ಅತಿ ಹಗುರದ ಗೇರಿನಲ್ಲಿ. ನಾನು ಸ್ಕೂಟರಿನಲ್ಲಿ ಪಕ್ಕದಲ್ಲೇ. ಉಸಿರು ನೋಡಲು ನನ್ನದೊಂದು ಹಳೆಯ ಕ್ರಮ ಉಂಟು. ತುಳಿಯುತ್ತಾ ಜೋರಾಗಿ ಹದಿನೇಳರ ಮಗ್ಗಿ ಹೇಳಬೇಕು. ಹದಿನೇಳ್ಹತ್ತಲೆ ನೂರ ಎಪ್ಪತ್ತರವರೆಗೆ ಎಲ್ಲೂ ಮಧ್ಯೆ ಉಸಿರಿಗೆ ನಿಲ್ಲದೆ ಹೇಳಿದರೆ ವೇಗ ಸರಿಯಾಗಿದೆ ಎಂದರ್ಥ. ನಿಂತರೆ ನಿಧಾನಿಸಬೇಕು. ಹದಿನೇಳೇ ಯಾಕೆ ಎಂದರೆ ಎರಡರ ಮಗ್ಗಿಯನ್ನು ಬಾಯಿ ತಾನೇ ಹೇಳುತ್ತದೆ. ಹದಿನೇಳಕ್ಕೆ ತಲೆಯೂ ಬೇಕು, ಉಸಿರೂ ಬೇಕು.

ಮೊದಲ ದಿನ ಪೂರ್ತಿ ಹೇಳಿದಳು. ಎರಡನೆಯ ದಿನ ರಜೆ. ಮೂರನೆಯ ದಿನ ಇಪ್ಪತ್ತೈದು ನಿಮಿಷ, ಹದಿನೇಳೆಂಟ್ಲೆಯಲ್ಲಿ ಸ್ವಲ್ಪ ತಡೆದಳು. ಲೆಕ್ಕ ಮರೆಯಿತು ಎಂದಳು. ಗಣಿತದಲ್ಲಿ ತೊಂಬತ್ತು ತೆಗೆಯುವವಳಿಗೆ ನೂರ ಮೂವತ್ತಾರು ಮರೆಯುವುದು ಹೇಗೆ? ಅನುಮಾನ ಬಂತು. ಐದನೆಯ ದಿನ ಮಗ್ಗಿಯನ್ನು ಬೇಗ ಬೇಗ ಹೇಳಿ ಮುಗಿಸಿದಳು, ಉಸಿರು ಸಾಲದಾಗುವ ಮೊದಲೇ ದಾಟಿಬಿಡಬೇಕು ಎನ್ನುವಂತೆ. ಅದೂ ಅನುಮಾನವೇ. ಅವಳ ಜರ್ಸಿಯಿಂದ ಎಂಥದೋ ಹಳೆಯ ಹೊಗೆಯ ವಾಸನೆ ಬರುತ್ತಿತ್ತು. ಹಳ್ಳಿಯ ಮನೆ, ಒಲೆ ಇರುತ್ತದೆ ಎಂದು ಬಿಟ್ಟೆ.

ಏಳನೆಯ ದಿನ ತುರುವೇಕೆರೆ ರಸ್ತೆಯ ಸಣ್ಣ ಏರಿಗೆ ಕರೆದುಕೊಂಡು ಹೋದೆ. ಏರಿನ ಅರ್ಧಕ್ಕೆ, ಹದಿನೇಳಾರ್ಲೆ ನೂರ ಎರಡಕ್ಕೆ, ಅವಳ ದನಿ ಕತ್ತರಿಸಿತು. ಇಳಿದು ಹ್ಯಾಂಡಲ್ ಹಿಡಿದು ಬಗ್ಗಿದಳು. ಕೆಮ್ಮು ಶುರುವಾಗಿದ್ದು ನಿಲ್ಲಲೇ ಇಲ್ಲ. ರಸ್ತೆ ಬದಿಯ ತೆಂಗಿನ ಬುಡದಲ್ಲಿ ಕೂರಿಸಿ ಬೆನ್ನು ನೀವಲು ಕೈ ಇಟ್ಟರೆ ಒಳಗೆ ಗೊರಗೊರ ಎನ್ನುವುದು ಅಂಗೈಗೇ ತಿಳಿಯುತ್ತಿತ್ತು. ತುಟಿಯ ಬಣ್ಣ ಹೋಗಿತ್ತು. ನನಗೆ ನಿಜವಾಗಿಯೂ ಭಯವಾಯಿತು.

“ಏನೂ ಇಲ್ಲ ಸಾ,” ಎಂದಳು, ಉಸಿರು ಬಂದ ಮೇಲೆ. “ನುಸಿ ಬಾಯಿಗೆ ಹೋಯ್ತು.”

“ಯಾವ ನುಸಿ?”

“ಸಣ್ಣ ನುಸಿ ಸಾ.”

ಅಷ್ಟು ಭಯದಲ್ಲೂ ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಸೈಕಲ್ಲನ್ನು ಒಂದು ಗೂಡ್ಸ್ ಆಟೋಗೆ ಹಾಕಿಸಿ, ಅವಳನ್ನು ಮನೆಗೆ ಬಿಟ್ಟೆ. ಅವತ್ತೇ ಮಧ್ಯಾಹ್ನ ತಂದೆಯ ಜೊತೆ ಆಸ್ಪತ್ರೆಗೆ ಬರುವಂತೆ ಹೇಳಿದೆ. ಆಯ್ಕೆಗೆ ಇಪ್ಪತ್ತು ದಿನ ಉಳಿದಿತ್ತು.

ಡಾಕ್ಟರಮ್ಮ ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಇನ್ನೊಮ್ಮೆ ಇಸಿಜಿ, ಎದೆಯ ಎಕ್ಸ್‌ರೇ. ಎರಡೂ ಸರಿಯಿದ್ದವು.

“ಹೃದಯ ಚೆನ್ನಾಗಿದೆ. ಶ್ವಾಸನಾಳ ಕೆರಳಿ ಕೂತಿದೆ, ಒಳಗೆ ಸುಯ್ಯಿ ಅಂತಿದೆ. ವೈರಸ್ ಹೋಗಿ ಇಷ್ಟು ದಿನ ಆದ ಮೇಲೂ ಹೀಗಿದ್ರೆ, ಏನೋ ಒಂದು ದಿನಾ ಕೆರಳಿಸ್ತಾ ಇದೆ ಅಂತ. ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತಾರಾ?”

“ಇಲ್ಲ ಕಣ್ರೀ ಡಾಕ್ಟ್ರೇ, ಯಾರೂ ಇಲ್ಲ,” ಎಂದರು ತಂದೆ. ತೆಂಗು, ರಾಗಿ, ಎರಡು ಹಸುಗಳ ಒಡೆಯ. ಮಾತು ಕಡಿಮೆ. ಬೇಗ ಬಂದ ಉತ್ತರ ನನಗೆ ಹಿಡಿಸಲಿಲ್ಲ.

ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್ ಪಂಪು ಬರೆದುಕೊಟ್ಟು, ಕೆಮ್ಮು ಪೂರ್ತಿ ನಿಲ್ಲುವ ತನಕ ಸೈಕಲ್ ಬಂದ್, ನಿಂತ ದಿನದಿಂದ ಹೊಸ ಲೆಕ್ಕ ಎಂದು ಡಾಕ್ಟರಮ್ಮ ಹೇಳಿದರು. ಹೊರಗೆ ಬಂದ ಮೇಲೆ ನಾನು ತಂದೆಯ ಪಕ್ಕ ನಿಂತು, ಮೂಗನ್ನು ಚುರುಕು ಮಾಡಿಕೊಂಡು, “ಯಜಮಾನ್ರೇ, ಬೆಂಕಿಪೊಟ್ಟಣ ಐತಾ?” ಎಂದು ಕೇಳಿದೆ. ನಾನು ಸೇದುವವನಲ್ಲ. ಅವರು ಜೇಬಿಗೆ ಕೈ ಹಾಕಿ ತೆಗೆದುಕೊಟ್ಟರು. ಪೊಟ್ಟಣ ಅರ್ಧ ಖಾಲಿಯಾಗಿತ್ತು. ಸಿಕ್ಕಿಬಿದ್ದ ಎಂದುಕೊಂಡೆ.

“ನೀವು ಸೇದಲ್ಲ ಅಂದ್ರಲ್ಲ, ಮತ್ತೆ ಇದ್ಯಾಕೆ ಜೇಬಲ್ಲಿ?”

“ಸಂಜೆ ಹೊತ್ತು ಬೇಕಾಯ್ತದೆ ಸಾ.”

“ಸಂಜೆ ಯಾತಕ್ಕೆ?”

“ಮನೆ ಅಂದ್ಮೇಲೆ ಬೆಂಕಿ ಬೇಡ್ವಾ ಮೇಷ್ಟ್ರೇ,” ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ಬೇಕಂತಲೇ ತೇಲಿಸಿ ಮಾತಾಡುತ್ತಿದ್ದಾರೆ ಎನಿಸಿತು. ಮಗಳ ಪಕ್ಕದಲ್ಲೇ ಕೂತು ಬೀಡಿ ಎಳೆಯುವವರು ಈ ಪ್ರಪಂಚದಲ್ಲಿ ಎಷ್ಟು ಜನವಿಲ್ಲ. ಅವರ ಬೆರಳ ತುದಿ ನೋಡಿದೆ. ಕಪ್ಪಾಗಿತ್ತು. ತೆಂಗಿನ ಕೆಲಸ ಮಾಡುವವರ ಬೆರಳು ಕಪ್ಪಾಗಿಯೇ ಇರುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ಮಾರನೆಯ ದಿನ ಯಾರಿಗೂ ಹೇಳದೆ ಬೆಳಿಗ್ಗೆ ಐದೂವರೆಗೆ ಅವರ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ನಾಡಿ ಎಣಿಸುವ ಹೊತ್ತಿಗೆ ಸರಿಯಾಗಿ ಹೋಗಿ ಎರಡು ಸುಳ್ಳನ್ನೂ ಒಟ್ಟಿಗೆ ಹಿಡಿಯಬೇಕು, ಮಗಳ ಐವತ್ತೆಂಟು ಮತ್ತು ಅಪ್ಪನ ಬೀಡಿ ಎಂಬುದು ನನ್ನ ಯೋಜನೆ. ಸೋನೆ ಇನ್ನೂ ಬಿಟ್ಟಿರಲಿಲ್ಲ. ತಾಯಿ ಅಂಗಳದಲ್ಲಿ ಹಸುವಿನ ಹತ್ತಿರ ಇದ್ದರು. ನನ್ನನ್ನು ಕಂಡು ಗಾಬರಿಯಾಗಿ ಚೊಂಬು ಕೆಳಗಿಟ್ಟರು.

“ಯಾಕ್ ಸಾ, ಇಷ್ಟೊತ್ನಲ್ಲಿ? ಏನಾಯ್ತು?”

“ಏನಿಲ್ಲಮ್ಮ. ಮಗಳು ಎದ್ದಿಲ್ಲ ತಾನೆ? ಏಳೋ ಮುಂಚೆ ನಾಡಿ ನೋಡ್ಬೇಕಿತ್ತು. ನೀವೇ ಕೈ ಹಿಡಿದು ಎಣಿಸಿ, ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತೀನಿ.”

“ಬನ್ನಿ, ಅಟ್ಟದ್ ಕ್ವಾಣೇಲಿ ಮಲ್ಗವ್ಳೆ.”

ನಡುಮನೆ ದಾಟಿ ಅವರು ಆ ಕೋಣೆಯ ಬಾಗಿಲು ತೆಗೆದರು. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಂತು. ಅದರ ಹಿಂದೆಯೇ ಹೊಗೆ. ದಟ್ಟ ಹೊಗೆಯಲ್ಲ, ರಾತ್ರಿಯೆಲ್ಲ ಉರಿಯದೆ ಕನಲಿದ ತೆಂಗಿನ ಮಟ್ಟೆಯ ತೆಳು, ಸಿಹಿ, ಹಳೆಯ ಹೊಗೆ. ಹೊಸ್ತಿಲಲ್ಲೇ ನಾನು ಕೆಮ್ಮಿದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಸುರಿದು ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ತಾನೇ ಬತ್ತಿ ಉಂಡೆ ಕೊಬ್ಬರಿಯಾಗುತ್ತದೆ. ಮಳೆ ಹಿಡಿದ ತಿಂಗಳಲ್ಲಿ ಕಾಯಿಗೆ ಥಂಡಿಯಾಗಿ ಬೂಸ್ಟು ಬರಬಾರದೆಂದು ಕೆಲವು ಮನೆಗಳಲ್ಲಿ ಸಂಜೆ ಹೊತ್ತು ಅಟ್ಟದ ಕೆಳಗಿನ ಕೋಣೆಯಲ್ಲಿ ಕಬ್ಬಿಣದ ಬಾಂಡ್ಲಿಗೆ ಮಟ್ಟೆ ತುಂಬಿ ಕಿಡಿ ಮುಟ್ಟಿಸಿ ಬಾಗಿಲು ಎಳೆಯುತ್ತಾರೆ. ಹೊಗೆ ಅಟ್ಟಕ್ಕೆ ಹಾಸಿದ ಬಿದಿರ ದಬ್ಬೆಗಳ ಸಂದಿನಿಂದ ಮೇಲೇರುತ್ತದೆ. ಆ ಕೋಣೆ ಮನೆಯಲ್ಲೇ ಅತ್ಯಂತ ಬೆಚ್ಚಗಿನ ಜಾಗ. ಯಾರಿಗೆ ನೆಗಡಿಯಾದರೂ ಅಲ್ಲೇ ಹಾಸಿಗೆ. ನಾನೂ ಅಂಥ ಮನೆಯಲ್ಲೇ ಬೆಳೆದವನು. ನಮಗೆ ಅದು ಹೊಗೆಯೇ ಅಲ್ಲ. ಬೀಡಿಯದು ಹೊಗೆ, ಲಾರಿಯದು ಹೊಗೆ. ಇದು ಮನೆಯ ವಾಸನೆ.

ಬಾಂಡ್ಲಿ ಮೂಲೆಯಲ್ಲಿತ್ತು, ಬೂದಿಯ ಮೇಲೆ ಒಂದು ಎಳೆ ಇನ್ನೂ ಆಡುತ್ತಿತ್ತು. ಹುಡುಗಿಯ ತಲೆದಿಂಬಿಗೂ ಅದಕ್ಕೂ ನಡುವೆ ಎರಡು ಮಾರೂ ಇರಲಿಲ್ಲ. ಆಸ್ಪತ್ರೆಯ ಹೊರಗೆ ನಾನು ಪತ್ತೆ ಹಚ್ಚಿದ ಬೆಂಕಿಪೊಟ್ಟಣ ಬಾಗಿಲ ಗೂಡಿನಲ್ಲಿತ್ತು.

ತಾಯಿ ಕೂತು ಮಗಳ ಮಣಿಕಟ್ಟು ಹಿಡಿದು ಬಾಯಲ್ಲಿ ಎಣಿಸತೊಡಗಿದರು. ನಾನು ಗಡಿಯಾರ ನೋಡಿದೆ. ಎಪ್ಪತ್ತಾರು. ಹುಡುಗಿ ಎಚ್ಚರವಾಗಿದ್ದಳು. ಕಣ್ಣು ಮಾತ್ರ ತೆರೆಯಲಿಲ್ಲ.

“ಇಲ್ಲಿ ಎಷ್ಟು ದಿನದಿಂದ ಮಲಗ್ತಿದ್ದಾಳೆ?” ಎಂದು ಕೇಳಿದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. “ಕೆಮ್ಮೋ ಮಗೂನ ಯಾರಾದ್ರೂ ಇಲ್ಲಿ ಮಲಗಿಸ್ತಾರಾ? ಯಾರಮ್ಮ ಹೇಳಿದ್ದು ನಿಮಗೆ?”

ತಾಯಿ ನನ್ನ ಮುಖ ನೋಡಿದರು. ಅವರಿಗೆ ಹೇಳಲು ಸಂಕೋಚವಾಗಿತ್ತು.

“ನೀವೇಯ ಸಾ,” ಎಂದರು. “ಅವತ್ತು ಕಾಪಿ ಕುಡ್ಯಾಗ. ನಡುಮನೇಲಿ ಬ್ಯಾಡ, ಅಟ್ಟದ್ ಕೆಳಗೆ ಬೆಚ್ಚಗಿರ್ತದೆ, ಅಲ್ಲಿ ಮಲಗ್ಸಿ, ನಮ್ಮನೇಲೂ ಅಂಗೇ ಮಾಡ್ತಿದ್ರು ಅಂದ್ರಿ. ನಾನು ಮೊದ್ಲು ಬ್ಯಾಡ ಅಂತಿದ್ದೆ, ಕಣ್ಣುರಿ ಅಂತಾಳೆ ಅಂತ. ಮೇಷ್ಟ್ರು ಹೇಳವ್ರಲ್ಲ ಅಂತ ಮಲಗಿಸ್ದೆ.”

ಹೇಳಿದ್ದೆ. ಅವರು ಹೇಳುತ್ತಿದ್ದ ಹಾಗೆ ನನ್ನ ದನಿಯೇ ನನಗೆ ಕೇಳಿಸಿತು. ನೋಡಿ, ಇದನ್ನು ಬರೆಯುವಾಗಲೂ ಮೇಲೆ ‘ಬೆಚ್ಚಗಿರುವ ಕಡೆ ಮಲಗಿಸಿ’ ಎಂದಷ್ಟೇ ಬರೆದು ದಾಟಿದ್ದೇನೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ಹುಡುಗಿಯ ಪೆನ್ನು, ಅಪ್ಪನ ಜೇಬು, ಬೆರಳು ಎಲ್ಲ ಶೋಧಿಸಿದ್ದೆ. ನನ್ನ ಮಾತೊಂದನ್ನು ಬಿಟ್ಟು.

ಹೊರಗೆ ಬಂದು ಜಗುಲಿಯ ಮೇಲೆ ಕೂತೆ. ಹುಡುಗಿ ಶಾಲು ಹೊದ್ದು ಬಂದು ಕಂಬಕ್ಕೆ ಒರಗಿ ನಿಂತಳು.

“ಎಪ್ಪತ್ತಾರು,” ಎಂದೆ.

“ಗೊತ್ತು ಸಾ. ನಿನ್ನೆ ಎಪ್ಪತ್ನಾಲ್ಕು ಇತ್ತು.”

“ಮತ್ತೆ ಐವತ್ತೆಂಟು?”

“ಅರವತ್ತೆರಡು ದಾಟಿದ್ರೆ ಕಳ್ಸಲ್ಲ ಅಂದಿದ್ರಲ್ಲ.” ಶಾಲನ್ನು ಬಿಗಿಯಾಗಿ ಎಳೆದುಕೊಂಡು, “ಕೆಮ್ಮು ರಾತ್ರಿ ಹೊತ್ತೇ ಬರೋದು. ಹಗ್ಲು ಬಂದ್ರೆ ನುಂಗ್ಕತೀನಿ,” ಎಂದಳು.

ಆಗ ತಂದೆ ತೋಟದ ಕಡೆಯಿಂದ ಬಂದರು. ಬೀಡಿಯ ಅನುಮಾನವನ್ನೂ ಅವರಿಗೆ ಹೇಳಿದೆ, ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವರಿಗೆ ಬೇಸರವಾಗಲಿಲ್ಲವೋ, ತೋರಿಸಲಿಲ್ಲವೋ. “ನಾನು ಎಲೆಅಡ್ಕೆನೂ ಹಾಕಲ್ಲ ಕಣ್ ಸಾ,” ಎಂದಷ್ಟೇ ಹೇಳಿದರು. ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು, “ನಾನು ಬೀಡಿ ಅಂತ ಕೇಳಿದೆ, ಹೊಗೆ ಅಂತ ಕೇಳಬೇಕಿತ್ತು,” ಎಂದರು. ತಂದೆ ಬಾಂಡ್ಲಿಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಹಿಂದೆ ಕವುಚಿ ಬಂದರು. ಹೊಗೆಯಿಲ್ಲದೆ ಅಟ್ಟದ ಕಾಯಿ ಏನಾಗುತ್ತದೋ ಎಂದು ನಾನು ಕೇಳಿದ್ದಕ್ಕೆ, “ಆದಂಗಾಗ್ಲಿ ಬುಡಿ. ಬಿಸಿಲು ಬಂದ್ರೆ ಬತ್ತದೆ,” ಎಂದರು.

ಹಾಸಿಗೆ ನಡುಮನೆಗೆ ಬಂತು. ಪಂಪು ಹೊತ್ತಿಗೆ ಸರಿಯಾಗಿ ನಡೆಯಿತು. ಪುಸ್ತಕದಲ್ಲಿ ಈಗ ನಾಡಿ ಕುಣಿಯತೊಡಗಿತು: ಎಪ್ಪತ್ತೆರಡು, ಎಪ್ಪತ್ತಮೂರು, ಅರವತ್ತೊಂಬತ್ತು, ಎಪ್ಪತ್ತೊಂದು. ಅಕ್ಷರಗಳು ಸೊಟ್ಟಗಿದ್ದವು, ಒಂದು ದಿನದ್ದಂತೂ ಪೆನ್ಸಿಲ್ಲಿನಲ್ಲಿತ್ತು. ನನಗೆ ಸ್ವಲ್ಪ ಧೈರ್ಯ ಬಂತು. ಐದನೆಯ ದಿನಕ್ಕೆ ಕೆಮ್ಮು ನಿಂತಿತು. ಈ ಸಲ ತಾಯಿಯನ್ನು ಕೇಳಿ ಖಚಿತ ಮಾಡಿಕೊಂಡೆ.

ಅವತ್ತಿಗೆ ಆಯ್ಕೆಗೆ ಉಳಿದಿದ್ದು ಹದಿನಾಲ್ಕು ದಿನ. ಬೇಕಾಗಿದ್ದು ಇಪ್ಪತ್ತನಾಲ್ಕು.

ಲೆಕ್ಕ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹುಡುಗಿ ದಿನದಿನಕ್ಕೆ ಚೇತರಿಸಿಕೊಂಡಳು. ಒಂಬತ್ತು ದಿನ ಉಳಿದಿದ್ದಾಗ ನಾಡಿ ಅರವತ್ತೊಂದಕ್ಕೆ ಬಂತು. ಮುಖಕ್ಕೆ ಬಣ್ಣ ಬಂತು. ಮೆಟ್ಟಿಲನ್ನು ಎರಡೆರಡು ಹತ್ತುತ್ತಿದ್ದಳು, ನಾನು ನೋಡುವ ಹೊತ್ತಿಗೆ ಮೂರು ಮೂರು. ತಂದೆ ಶಾಲೆಗೇ ಬಂದರು.

“ಬರೀ ಹತ್ತು ಕಿಲೋಮೀಟ್ರಲ್ವಾ ಸಾ. ಹದ್ನೆಂಟು ನಿಮಿಷದ ಆಟ. ತಡ್ಕತಾಳೆ ಅನ್ಸುತ್ತೆ. ನೀವೇನಂತೀರಿ?”

ಒಂದು ಸಲ ಕೆರೆ ಏರಿಯ ಮೇಲೆ ಜೋರಾಗಿ ಓಡಿಸಿ ನೋಡೋಣ, ತಡೆದರೆ ಕಳಿಸೋಣ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ, ನಾಳೆ ಹೇಳುತ್ತೇನೆಂದೆ. ಅವತ್ತು ಸಂಜೆ ಆಟದ ಮೈದಾನದಲ್ಲಿ ಒಬ್ಬನೇ ಸುತ್ತು ಹಾಕುತ್ತಾ ಆ ಮಾತನ್ನೇ ತಿರುವಿ ತಿರುವಿ ನೋಡಿದೆ. ಅವಳು ತಡೆದೇ ತಡೆಯುತ್ತಾಳೆ, ಹಲ್ಲು ಕಚ್ಚಿಯಾದರೂ. ನುಸಿ ಎನ್ನುತ್ತಾಳೆ, ಮಗ್ಗಿ ಮರೆತೆ ಎನ್ನುತ್ತಾಳೆ. ನಾನೂ ನಂಬುತ್ತೇನೆ. ಯಾಕೆಂದರೆ ಎರಡು ವರ್ಷದ ಬೆಳಗಿನ ನಿದ್ದೆ ನನ್ನದೂ ಹೋಗಿತ್ತು. ನಮ್ಮ ಶಾಲೆಯ ಹುಡುಗಿ ಆಯ್ಕೆಯಾದಳು, ತರಬೇತಿ ಕೊಟ್ಟವರು ಇವರು ಎಂದು ನಾಲ್ಕು ಜನ ಹೇಳಬೇಕೆಂಬ ಆಸೆಯೂ ಇತ್ತು. ಅಷ್ಟೇ ಅಲ್ಲ. ಅವಳು ಹೋಗಿ ಗೆದ್ದುಬಿಟ್ಟರೆ ಅಟ್ಟದ ಕೋಣೆಯ ವಿಚಾರ ಅಲ್ಲಿಗೇ ಮುಚ್ಚಿಹೋಗುತ್ತಿತ್ತು, ನಾನು ಯಾರಿಗೂ ಉತ್ತರ ಹೇಳಬೇಕಿರಲಿಲ್ಲ. ಆ ಹುಡುಗಿಯ ಶ್ವಾಸಕ್ಕಿಂತ ನನ್ನ ಮರ್ಯಾದೆ ನನಗೆ ಹತ್ತಿರವಿತ್ತು. ಅನುಮಾನ ಪಡಬೇಕಾದ ಮನುಷ್ಯ ಕೊನೆಗೂ ಸಿಕ್ಕಿದ.

ಮಾರನೆಯ ದಿನ ಬೆಳಿಗ್ಗೆ ಆಯ್ಕೆ ನಡೆಸುವವರಿಗೆ ಫೋನ್ ಮಾಡಿ ಅವಳ ಹೆಸರು ತೆಗೆಸಿದೆ. ಮೊದಲು ಮನೆಯವರನ್ನು ಕೇಳಿ ಆಮೇಲೆ ತೆಗೆಸಬಹುದಿತ್ತು. ಕೇಳಿದ್ದರೆ ನಾನು ಕರಗಿಬಿಡುತ್ತಿದ್ದೆ. ಸಂಜೆ ಅವರ ಜಗುಲಿಯಲ್ಲಿ ಕೂತು, ಮೂವರ ಎದುರೂ ಹೇಳಿದೆ: ಹೆಸರು ತೆಗೆಸಿದ್ದು ನಾನು, ದಿನ ಸಾಲದಾಗಿದ್ದು ಹೊಗೆಯಿಂದ, ಹೊಗೆಯಲ್ಲಿ ಮಲಗಿಸಿದ್ದು ನನ್ನ ಮಾತು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ತಂದೆ ಅಂಗಳ ನೋಡುತ್ತಾ ಕೂತರು. ಹುಡುಗಿ ಮಾತ್ರ ನನ್ನ ಮುಖ ಬಿಡಲಿಲ್ಲ.

“ಅಟ್ಟದ್ ಕ್ವಾಣೆ ನೀವ್ ಹೇಳಿದ್ದು ಸಾ.”

“ಹೌದು.”

“ಬುಕ್ಕಲ್ಲಿ ಸುಳ್ಳು ಬರ್ದಿದ್ದು ನಾನು.”

“ಹೌದು.”

“ಅಂಗಾದ್ರೆ ಇಬ್ಬರ್ದೂ ಸರಿಗ್ ಸರಿ ಆಯ್ತು. ನಾನ್ ಹೋಯ್ತೀನಿ.”

“ಸರಿಗೆ ಸರಿ ಆಗಿದ್ದು ನಮ್ಮಿಬ್ಬರದು ಕಣಮ್ಮ. ನಿನ್ನ ಎದೆ ಏನು ತಪ್ಪು ಮಾಡಿತ್ತು?”

“ಮುಂದಿನ ವರ್ಷ ನಂಗೆ ವಯಸ್ಸಾಯ್ತದೆ.”

“ಗೊತ್ತು.”

“ಗೊತ್ತಿದ್ದೂ ತೆಗ್ಸಿದ್ರಾ?”

ಅದಕ್ಕೆ ನಾನು ಹೌದು ಎನ್ನುವುದಷ್ಟೇ ಉಳಿದಿತ್ತು, ಎಂದೆ. ಅವಳು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿಸಿತು. ವಸತಿ ನಿಲಯ ಇಲ್ಲದೆಯೂ ಸೈಕಲ್ ಓಡಿಸಬಹುದು, ದೊಡ್ಡವರ ವಿಭಾಗದಲ್ಲಿ ಸ್ಪರ್ಧಿಸಬಹುದು ಎಂದೆಲ್ಲ ಹೇಳಲು ಮಾತು ಕಟ್ಟಿಕೊಂಡು ಹೋಗಿದ್ದೆ. ಯಾವುದನ್ನೂ ಹೇಳಲಿಲ್ಲ. ಹೇಳಿದ್ದರೂ ಅವು ನನ್ನ ಸಮಾಧಾನಕ್ಕೆ ಹೇಳಿದ ಮಾತಾಗುತ್ತಿದ್ದವು. ಹೊರಡುವಾಗ ತಾಯಿಗೆ ಒಂದೇ ಮಾತು ಹೇಳಿದೆ: ಪುಸ್ತಕ ನಿಲ್ಲಿಸುವುದು ಬೇಡ. ಅರವತ್ತೆರಡರ ಮಾತು ರದ್ದು. ಎಷ್ಟೇ ಬರಲಿ, ಬಂದಷ್ಟು ಬರೆಯಲಿ. ಷರಾದಲ್ಲಿ ಇದ್ದದ್ದನ್ನು ಬರೆಯಲಿ.

ಒಂದು ವಾರ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಡ್ರಿಲ್ ಪೀರಿಯಡ್ಡಿನಲ್ಲಿ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ರೇಸ್ ಸೈಕಲ್ ನನ್ನ ಕೋಣೆಯಲ್ಲೇ ಗೋಡೆಗೆ ಒರಗಿತ್ತು. ನಾನು ಚೈನಿಗೆ ಎಣ್ಣೆ ಹಾಕಿ, ಟೈರಿಗೆ ಗಾಳಿ ಹಿಡಿದು, ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದೆ.

ಆಯ್ಕೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅವಳು ನನ್ನ ಕೋಣೆಗೆ ಬಂದಳು. ಆ ಹೊತ್ತಿಗೆ ಉಳಿದ ಹುಡುಗಿಯರು ಅಲ್ಲಿ ನಂಬರ್ ಕಟ್ಟಿಕೊಂಡು ಸಾಲಿನಲ್ಲಿ ನಿಂತಿರುತ್ತಾರೆ ಎಂದು ನನಗೂ ಗೊತ್ತಿತ್ತು, ಅವಳಿಗೂ. ಮೇಜಿನ ಮೇಲೆ ಪುಸ್ತಕ ಇಟ್ಟಳು. ಸೈಕಲ್ಲಿನ ಹತ್ತಿರ ಹೋಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ನಾನು ಗಾಳಿ ಸರಿಯಾಗಿ ಹಿಡಿದಿದ್ದೇನೋ ಇಲ್ಲವೋ ಎಂದು. ಆಮೇಲೆ ಹೊರಟುಹೋದಳು.

ಪುಟ ತೆಗೆದೆ. ಅವತ್ತಿನ ನಾಡಿ ಅರವತ್ತೇಳು. ಹಿಂದಿನ ದಿನಕ್ಕಿಂತ ಎಂಟು ಜಾಸ್ತಿ. ನಿದ್ದೆ ನಾಲ್ಕು ಗಂಟೆ. ಷರಾ ಕಲಂನಲ್ಲಿ ಜಾಗ ಸಾಲದೆ ಅಕ್ಷರಗಳು ಗೆರೆ ದಾಟಿ ಅಂಚಿಗೆ ಹೋಗಿದ್ದವು:

‘ಕೆಮ್ಮು ಇಲ್ಲ. ರಾತ್ರಿ ಅತ್ತೆ. ಸಾರ್ ಮೇಲೆ ತುಂಬ ಸಿಟ್ಟಿದೆ.’

ಎರಡು ಸಲ ಓದಿದೆ. ಈ ಸಲ ಪುಟವನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ಕೆಳಗೆ ಸಹಿ ಹಾಕಿದೆ.